ಇಪ್ಪತ್ತೇಳು ಸಾವಿರ ಮೈಲಿಯ ಸೆರೆವಾಸ

ವ್ಲಾದಿಮಿರ್ ನಬಕೋವ್ ಅವರ 'ಲೋಲಿಟಾ' ಬಗ್ಗೆ ಮಾತು ಬಂದಾಗಲೆಲ್ಲ ಒಂದು ಹೊಗಳಿಕೆ ತಪ್ಪದೆ ಕೇಳಿಬರುತ್ತದೆ. ಎರಡನೆಯ ಮಹಾಯುದ್ಧ ಮುಗಿದ ಹೊಸದರಲ್ಲಿ ಅಮೆರಿಕ ಹೇಗಿತ್ತೆಂದು ತಿಳಿಯಬೇಕಾದರೆ ಈ ಕಾದಂಬರಿಯ ಕಾರು ಪ್ರಯಾಣಗಳನ್ನು ಓದಬೇಕಂತೆ. ಹೆದ್ದಾರಿ, ಮೋಟೆಲ್, ಪೆಟ್ರೋಲ್ ಬಂಕ್, ಜಾಹೀರಾತು ಫಲಕ, ಸಿನಿಮಾ ಪತ್ರಿಕೆ ಎಲ್ಲವೂ ಅಲ್ಲಿ ಅಚ್ಚೊತ್ತಿದ ಹಾಗೆ ಇವೆಯಂತೆ. ಯುರೋಪಿನಿಂದ ಬಂದ ವಿದ್ವಾಂಸನೊಬ್ಬನ ಕಣ್ಣಿಗೆ ಮಾತ್ರ ಬೀಳಬಹುದಾದ ಅಮೆರಿಕವಂತೆ ಅದು. ಸಾಹಿತ್ಯ ಚರಿತ್ರೆಗಳಲ್ಲಿ, ಶ್ರೇಷ್ಠ ರಸ್ತೆ ಕಾದಂಬರಿಗಳ ಪಟ್ಟಿಗಳಲ್ಲಿ, ತರಗತಿಯ ಪಾಠಗಳಲ್ಲಿ ಈ ಮಾತು ಎಷ್ಟು ಸಲ ಬಂದುಹೋಗಿದೆಯೆಂದರೆ ಈಗ ಅದನ್ನು ತಡೆದು ಕೇಳುವವರೇ ಕಡಿಮೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಇದು ಆ ಕಾದಂಬರಿಗೆ ಮಾಡಿದ ಅನ್ಯಾಯ, ಅದರೊಳಗಿನ ಒಂದು ಮಗುವಿಗೆ ಮಾಡಿದ ಎರಡನೆಯ ಅನ್ಯಾಯ. ಆ ಕಾರನ್ನು ಓಡಿಸುತ್ತಿರುವವನು ಅಪಹರಣಕಾರ. ಪಕ್ಕದಲ್ಲಿ ಕೂತಿರುವವಳು ಹನ್ನೆರಡು ವರ್ಷದ ಹುಡುಗಿ, ಅವನ ಸೆರೆಯಾಳು. ಆ ಕಾರಿನ ಕಿಟಕಿಯಲ್ಲಿ ಕಂಡದ್ದನ್ನೆಲ್ಲ ಒಂದು ದೇಶದ ಚಿತ್ರವೆಂದು ಮೆಚ್ಚುವ ಓದುಗನಿಗೆ ತಾನು ಯಾರ ಜೊತೆಗೆ ಹೊರಟಿದ್ದೇನೆ ಎಂಬುದು ನೆನಪಿದ್ದಂತಿಲ್ಲ.

ಕತೆಯ ಎಲುಬು ಇಷ್ಟು. ಹಂಬರ್ಟ್ ಹಂಬರ್ಟ್ ಎಂದು ತನ್ನನ್ನು ಕರೆದುಕೊಳ್ಳುವ ಒಬ್ಬ ಯುರೋಪಿಯನ್ ನ್ಯೂ ಇಂಗ್ಲೆಂಡಿನ ರ‍್ಯಾಮ್ಸ್‌ಡೇಲ್ ಎಂಬ ಊರಿನಲ್ಲಿ ವಿಧವೆ ಷಾರ್ಲಟ್ ಹೇಜ್ ಮನೆಗೆ ಬಾಡಿಗೆಗೆ ಬರುತ್ತಾನೆ. ಅವಳ ಮಗಳು ಡೊಲೊರೆಸ್‌ಳ ಹತ್ತಿರ ಇರುವುದಕ್ಕಾಗಿಯೇ ತಾಯಿಯನ್ನು ಮದುವೆಯಾಗುತ್ತಾನೆ. ಅವನ ದಿನಚರಿ ತಾಯಿಯ ಕೈಗೆ ಸಿಗುತ್ತದೆ. ಅದನ್ನು ಓದಿ ತತ್ತರಿಸಿದ ಅವಳು ಮನೆಯಿಂದ ಹೊರಗೆ ಓಡಿ, ರಸ್ತೆಯಲ್ಲಿ ಕಾರಿಗೆ ಸಿಕ್ಕಿ ಸಾಯುತ್ತಾಳೆ. ಹಂಬರ್ಟ್ ಬೇಸಿಗೆ ಶಿಬಿರಕ್ಕೆ ಹೋಗಿ ಹುಡುಗಿಯನ್ನು ಕರೆದುಕೊಳ್ಳುತ್ತಾನೆ. ಅಮ್ಮ ಆಸ್ಪತ್ರೆಯಲ್ಲಿದ್ದಾಳೆ ಎನ್ನುತ್ತಾನೆ. ಹೋಟೆಲೊಂದರಲ್ಲಿ ಆ ರಾತ್ರಿ ಕಳೆದು, ಅವಳ ಮೇಲೆ ಅತ್ಯಾಚಾರ ನಡೆದ ಮೇಲೆ, ಅಮ್ಮನಿಗೆ ಫೋನ್ ಮಾಡಬೇಕು ಎಂದು ಅವಳು ಹಟ ಹಿಡಿದಾಗ, ಅಮ್ಮ ಸತ್ತಿದ್ದಾಳೆ ಎಂದು ತಿಳಿಸುತ್ತಾನೆ. ಅಲ್ಲಿಂದ ಶುರುವಾಗುವುದೇ ಎಲ್ಲರೂ ಕೊಂಡಾಡುವ ಆ ಪ್ರಯಾಣ: 1947ರ ಆಗಸ್ಟಿನಿಂದ 1948ರ ಆಗಸ್ಟಿನ ತನಕ, ಸುಮಾರು 27,000 ಮೈಲಿ. ಚಲಿಸಿದ ದಿನಗಳು ಸುಮಾರು 150, ಅಲ್ಲಲ್ಲಿ ನಿಂತ ದಿನಗಳು 200 ಎಂದು ಅವನೇ ಲೆಕ್ಕ ಕೊಡುತ್ತಾನೆ. ಊಟ, ವಸತಿ, ಪೆಟ್ರೋಲು, ರಿಪೇರಿ ಯಾವುದಕ್ಕೆ ಎಷ್ಟು ಡಾಲರಾಯಿತು ಎಂಬುದೂ ಆ ಲೆಕ್ಕದಲ್ಲಿದೆ. ಕಾರು ಮಾತ್ರ ಅವನದಲ್ಲ, ಸತ್ತ ತಾಯಿಯದು.

ಲೋಲಿಟಾ ಎಂದು ಅವಳನ್ನು ಕರೆಯುವವನು ಹಂಬರ್ಟ್. ಶಾಲೆಯಲ್ಲಿ ಅವಳು ಡಾಲಿ. ನಾನೂ ಡಾಲಿ ಎಂದೇ ಬರೆಯುತ್ತೇನೆ.

ಈ ಪ್ರಯಾಣದಲ್ಲಿ ಬರುವ ನೋಟಗಳು ಏತಕ್ಕೆ ಬರುತ್ತವೆ? ಕಾದಂಬರಿ ಅಮೆರಿಕದ ಭಾವಚಿತ್ರ ಎಂಬ ವಾದ ಹೂಡುವವರು ಈ ಪ್ರಶ್ನೆಯನ್ನು ಹಾಕಿಕೊಳ್ಳುವುದೇ ಇಲ್ಲ. ಗುಹೆಗಳು, ಜಲಪಾತಗಳು, ಲಿಂಕನ್ ಹುಟ್ಟಿದ ಮರದ ಮನೆಯ ನಕಲು, ನ್ಯೂ ಮೆಕ್ಸಿಕೋದ ಪಾಳುಬಿದ್ದ ಗಣಿ ಊರು, ಸಣ್ಣಪುಟ್ಟ ಮ್ಯೂಸಿಯಮ್ಮುಗಳು ಒಂದರ ಹಿಂದೆ ಒಂದು ಬರುತ್ತವೆ. ಓದುಗ ಆ ಪಟ್ಟಿಗೆ ಮರುಳಾಗುತ್ತಾನೆ. ಆದರೆ ಹಂಬರ್ಟ್ ಇದರ ಗುಟ್ಟನ್ನು ಮುಚ್ಚಿಟ್ಟಿಲ್ಲ. ಆ ವರ್ಷ ಪೂರ್ತಿ ಪ್ರತಿ ಬೆಳಿಗ್ಗೆ ಅವಳಿಗೆ ಎದುರುನೋಡಲು ಏನಾದರೊಂದನ್ನು ತಾನು ಹುಡುಕಲೇಬೇಕಿತ್ತು, ಇಲ್ಲದಿದ್ದರೆ ಅವಳು ರಾತ್ರಿಯ ತನಕ ದಿನವನ್ನು ದೂಡುತ್ತಿರಲಿಲ್ಲ ಎಂಬರ್ಥದಲ್ಲಿ ಅವನೇ ಬರೆಯುತ್ತಾನೆ. ಅಲ್ಲಿಗೆ ಆ ಗುಹೆಯೂ ಮ್ಯೂಸಿಯಮ್ಮೂ ಪ್ರೇಕ್ಷಣೀಯ ಸ್ಥಳಗಳಾಗಿ ಉಳಿಯುವುದಿಲ್ಲ. ಒಂದು ಮಗು ಸಂಜೆಯ ತನಕ ಕುಸಿದು ಬೀಳದಂತೆ ನೋಡಿಕೊಳ್ಳಲು, ಸಂಜೆ ಮತ್ತೆ ಅದೇ ಕೋಣೆಗೆ ಕರೆತರಲು, ಅವನು ಬಳಸಿದ ಸಾಧನಗಳು ಅವು. ಒಲಿಸುವುದು ಸಾಲದಾದಾಗ ಹೆದರಿಸುವುದೂ ಇತ್ತು. ಪೊಲೀಸರಿಗೆ ಹೇಳಿದರೆ ನಾನು ಜೈಲಿಗೆ ಹೋಗುತ್ತೇನೆ, ಸರಿ. ಆದರೆ ಅನಾಥೆಯಾದ ನಿನ್ನನ್ನು ಸರ್ಕಾರದ ಸುಧಾರಣಾ ಶಾಲೆಗೆ ತಳ್ಳುತ್ತಾರೆ. ಇದು ಅವನು ಮತ್ತೆಮತ್ತೆ ಅವಳ ತಲೆಗೆ ತುಂಬಿದ ಮಾತು. ಒಂದು ದೇಶದ ಮಕ್ಕಳ ಕಲ್ಯಾಣ ವ್ಯವಸ್ಥೆಯನ್ನೇ ಅವನು ಬೆದರಿಕೆಯ ಕೋಲು ಮಾಡಿಕೊಂಡಿದ್ದ.

ಇನ್ನು ದಾರಿಯ ನಕ್ಷೆ. ಕಾರು ನ್ಯೂ ಇಂಗ್ಲೆಂಡಿನಿಂದ ದಕ್ಷಿಣಕ್ಕೆ ಇಳಿಯುತ್ತದೆ, ಪಶ್ಚಿಮಕ್ಕೆ ತಿರುಗುತ್ತದೆ, ಜೋಳದ ನಾಡು ಹತ್ತಿಯ ನಾಡುಗಳಲ್ಲಿ ಸುತ್ತುತ್ತದೆ, ರಾಕಿ ಪರ್ವತಗಳನ್ನು ದಾಟಿ ಮತ್ತೆ ದಾಟುತ್ತದೆ, ಮರುಭೂಮಿಯಲ್ಲಿ ಚಳಿಗಾಲ ಕಳೆದು, ಪೆಸಿಫಿಕ್ ತೀರ ಮುಟ್ಟಿ, ಕೆನಡಾ ಗಡಿಯ ಹತ್ತಿರದ ತನಕ ಹೋಗಿ ಪೂರ್ವಕ್ಕೆ ಮರಳುತ್ತದೆ. ಇದನ್ನು ಓದಿದವರು, ಒಂದು ಖಂಡವನ್ನೇ ಬಾಚಿಕೊಂಡ ಕಾದಂಬರಿ ಎನ್ನುತ್ತಾರೆ. ಅದೇ ಪುಟದಲ್ಲಿ ಹಂಬರ್ಟ್ ಇನ್ನೆರಡು ಸಂಗತಿ ಹೇಳಿದ್ದಾನೆ. ಫ್ಲಾರಿಡಾಕ್ಕೆ ಹೋಗಲಿಲ್ಲ, ಏಕೆಂದರೆ ಗುರುತಿನ ದಂಪತಿ ಆಗ ಅಲ್ಲಿದ್ದರು. ಮಧ್ಯಪಶ್ಚಿಮದಲ್ಲಿ ಡಾಲಿ ಹುಟ್ಟಿದ ಊರಿಗೂ ಹೋಗಲಿಲ್ಲ. ಅಲ್ಲಿಗೆ ಕರೆದುಕೊಂಡು ಹೋಗು ಎಂದು ಅವಳು ಎಷ್ಟು ಕೂಗಾಡಿದರೂ ಕಾರನ್ನು ಬೇರೆ ದಾರಿಗೆ ತಿರುಗಿಸಿದ. ಈ ಎರಡನೆಯ ಮಾತನ್ನು ನಿಲ್ಲಿಸಿಕೊಂಡು ಓದಬೇಕು. ಅಷ್ಟು ದೊಡ್ಡ ಅಮೆರಿಕದಲ್ಲಿ ಆ ಹುಡುಗಿಗೆ ತನ್ನದೆನ್ನಬಹುದಾದ ನೆಲ ಒಂದೇ ಒಂದು ಉಳಿದಿತ್ತು. 27,000 ಮೈಲಿ ಓಡಿದ ಕಾರು ಆ ಒಂದು ಊರನ್ನು ಬಿಟ್ಟು ಓಡಿತು. ಅವಳನ್ನು ಯಾರಾದರೂ ಗುರುತಿಸಬಹುದಾದ ಕಡೆಗಳನ್ನೆಲ್ಲ ತಪ್ಪಿಸಿ ಬಳಸಿದ ನಕ್ಷೆ ಒಂದು ದೇಶದ ಚಿತ್ರವಾಗುವುದು ಹೇಗೆ?

ಮೋಟೆಲ್‌ಗಳ ವಿಚಾರಕ್ಕೆ ಬಂದರೆ ವಿಮರ್ಶಕರ ಉತ್ಸಾಹ ಇನ್ನೂ ಹೆಚ್ಚು. ಸನ್‌ಸೆಟ್ ಮೋಟೆಲ್, ಪೈನ್ ವ್ಯೂ ಕೋರ್ಟ್ಸ್, ಗ್ರೀನ್ ಏಕರ್ಸ್ ಎಂದು ಸಾಲಾಗಿ ಬರುವ ಹೆಸರುಗಳನ್ನು ಅವರು ಬಾಯಿ ಚಪ್ಪರಿಸಿ ಓದುತ್ತಾರೆ, ಹೊಸ ಮಧ್ಯಮವರ್ಗದ ಸಂಚಾರ ಸಂಸ್ಕೃತಿಗೆ ಸಾಕ್ಷಿ ಎನ್ನುತ್ತಾರೆ. ಮೋಟೆಲ್ ಅಮೆರಿಕದ ಹೊಸ ವಸ್ತುವೇ ಹೌದು. ಆ ಹೆಸರಿನ ಮೊದಲನೆಯದು ಕ್ಯಾಲಿಫೋರ್ನಿಯಾದ ಸ್ಯಾನ್ ಲೂಯಿಸ್ ಒಬಿಸ್ಪೋದಲ್ಲಿ 1925ರಲ್ಲಿ ತೆರೆಯಿತು. ಆದರೆ ಹಂಬರ್ಟನಿಗೆ ಮೋಟೆಲ್ ಏಕೆ ಇಷ್ಟವಾಯಿತು? ದೊಡ್ಡ ಹೋಟೆಲಿನಲ್ಲಿ ಗಿಜಿಗುಡುವ ಮೊಗಸಾಲೆ ಇರುತ್ತದೆ, ಸಾಮಾನು ಹೊರುವವರು ಇರುತ್ತಾರೆ, ಊಟದ ಮನೆಯಲ್ಲಿ ಪಕ್ಕದ ಮೇಜಿನವರು ಇರುತ್ತಾರೆ. ಮೋಟೆಲಿನಲ್ಲಿ ಕಾರು ಕೋಣೆಯ ಬಾಗಿಲಿಗೇ ಬಂದು ನಿಲ್ಲುತ್ತದೆ. ಬಾಡಿಗೆ ಮೊದಲೇ ಕೊಟ್ಟರಾಯಿತು, ಬೆಳಿಗ್ಗೆ ಯಾರಿಗೂ ಮುಖ ತೋರಿಸದೆ ಹೊರಡಬಹುದು. ಎಫ್‌ಬಿಐ ಮುಖ್ಯಸ್ಥ ಜೆ. ಎಡ್ಗರ್ ಹೂವರ್ 1940ರಲ್ಲಿಯೇ ಪತ್ರಿಕೆಯೊಂದರಲ್ಲಿ ಲೇಖನ ಬರೆದು, ರಸ್ತೆಬದಿಯ ಈ ವಸತಿಗಳು ಅಪರಾಧಿಗಳ ಅಡಗುತಾಣಗಳಾಗುತ್ತಿವೆ ಎಂದು ಎಚ್ಚರಿಸಿದ್ದ. ಆ ಎಚ್ಚರಿಕೆ ಎಷ್ಟು ಸರಿ ಎಂಬುದು ಬೇರೆ ಚರ್ಚೆ. ಹಂಬರ್ಟ್ ಮಟ್ಟಿಗಂತೂ ಮೋಟೆಲ್ ಬಚ್ಚಿಟ್ಟುಕೊಳ್ಳುವ ಜಾಗ. ಅದನ್ನು ಸಂಸ್ಕೃತಿ ಎನ್ನುವ ಮೊದಲು ಈ ಸತ್ಯವನ್ನಾದರೂ ಹೇಳಬೇಕಿತ್ತು.

ರಾಜ್ಯಗಳ ಗಡಿಗಳೂ ಹಾಗೆಯೇ. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೆಣ್ಣನ್ನು ಅನೈತಿಕ ಉದ್ದೇಶಕ್ಕೆ ಸಾಗಿಸುವುದನ್ನು ಅಪರಾಧವೆಂದು ಸಾರಿದ ಮ್ಯಾನ್ ಕಾಯ್ದೆ 1910ರಿಂದಲೇ ಜಾರಿಯಲ್ಲಿತ್ತು. ಹಂಬರ್ಟನಿಗೆ ಅದು ಗೊತ್ತು, ಅದನ್ನು ಹೆಸರಿಸಿ ಕುಹಕವಾಡುತ್ತಾನೆ. ರಸ್ತೆ ಕಾದಂಬರಿಯ ಓದುಗರು ರಾಜ್ಯದಿಂದ ರಾಜ್ಯಕ್ಕೆ ದಾಟುವಾಗ ಬಯಲು ಬೆಟ್ಟವಾಗುವುದನ್ನು ನೋಡುತ್ತಾರೆ. ಪ್ರತಿ ಗಡಿಯಲ್ಲೂ ಒಂದು ಹೊಸ ಅಪರಾಧ ಸೇರುತ್ತಿತ್ತು ಎಂಬುದನ್ನು ನೋಡುವುದಿಲ್ಲ.

ಮೊದಲ ಪ್ರಯಾಣ ಮುಗಿದಾಗ ಹಂಬರ್ಟನೇ ಅದರ ಬಗ್ಗೆ ತೀರ್ಪು ಕೊಡುತ್ತಾನೆ. ಎಲ್ಲ ಕಡೆ ಹೋಗಿಬಂದರೂ ನಾವು ನಿಜವಾಗಿ ಏನನ್ನೂ ನೋಡಲಿಲ್ಲ, ನಂಬಿಕೆಯಿಂದ ಕೈಚಾಚಿದ ಆ ವಿಶಾಲ ನಾಡನ್ನು ನಮ್ಮ ಓಡಾಟ ಹೊಲಸು ಮಾಡಿತು, ಈಗ ಹಿಂದಿರುಗಿ ನೋಡಿದರೆ ಉಳಿದಿರುವುದು ಹರಿದ ನಕ್ಷೆಗಳು, ಹಳೆಯ ಟೈರುಗಳು, ಮತ್ತು ನಾನು ನಿದ್ದೆ ಬಂದವನಂತೆ ನಟಿಸಿದ ಕೂಡಲೇ ಪ್ರತಿ ರಾತ್ರಿ ಅವಳು ಬಿಕ್ಕುತ್ತಿದ್ದ ಸದ್ದು. ಅವನ ಮಾತಿನ ಸಾರ ಇದು. ನನ್ನ ವಾದದ ಜೀವ ಇರುವುದು ಇಲ್ಲೇ. ಕಾದಂಬರಿಯ ನಿರೂಪಕನೇ, ಅಮೆರಿಕವನ್ನು ನಾನು ನೋಡಲಿಲ್ಲ ಎಂದು ಬಾಯಿಬಿಟ್ಟು ಹೇಳುತ್ತಾನೆ. ಇಡೀ ಪುಸ್ತಕದಲ್ಲಿ ಅವನು ಹೇಳುವ ಕೆಲವೇ ನಿಜಗಳಲ್ಲಿ ಇದೊಂದು. ವಿಮರ್ಶಕರು ಮಾತ್ರ, ಇಲ್ಲ, ನೀನು ಚೆನ್ನಾಗಿಯೇ ನೋಡಿದ್ದೀಯೆ ಎಂದು ಅವನಿಗೆ ಸಮಾಧಾನ ಹೇಳುತ್ತಿದ್ದಾರೆ. ಆ ಅಳುವನ್ನು ದಾಟಿ ಹೋಗದೆ ಭಾವಚಿತ್ರ ಎಂಬ ಪದ ಬಾಯಿಗೆ ಬರುವುದು ಸಾಧ್ಯವಿಲ್ಲ.

ಈ ಅಭಿಪ್ರಾಯ ಬೆಳೆದುಬಂದ ಬಗೆಯನ್ನು ನೋಡಿದರೆ ಅದರ ದೌರ್ಬಲ್ಯ ಇನ್ನಷ್ಟು ತಿಳಿಯುತ್ತದೆ. ಕಾದಂಬರಿ ಮೊದಲು ಹೊರಬಂದದ್ದು 1955ರಲ್ಲಿ ಪ್ಯಾರಿಸಿನ ಒಲಿಂಪಿಯಾ ಪ್ರೆಸ್‌ನಿಂದ. ಆ ವರ್ಷದ ಮೂರು ಒಳ್ಳೆಯ ಪುಸ್ತಕಗಳಲ್ಲಿ ಇದೂ ಒಂದು ಎಂದು ಗ್ರಹಾಂ ಗ್ರೀನ್ ಲಂಡನ್ನಿನ ಪತ್ರಿಕೆಯಲ್ಲಿ ಹೇಳಿದರು. ಇನ್ನೊಬ್ಬ ಸಂಪಾದಕ ಇದಕ್ಕಿಂತ ಕೊಳಕು ಪುಸ್ತಕ ಇಲ್ಲ ಎಂದು ಕೂಗಾಡಿದ. 1956ರಲ್ಲಿ ಫ್ರಾನ್ಸ್ ನಿಷೇಧಿಸಿತು. 1958ರ ಆಗಸ್ಟಿನಲ್ಲಿ ನ್ಯೂಯಾರ್ಕಿನಲ್ಲಿ ಅಚ್ಚಾದಾಗ ಮೂರು ವಾರದೊಳಗೆ ಒಂದು ಲಕ್ಷ ಪ್ರತಿ ಖರ್ಚಾಯಿತು. 1959ರಲ್ಲಿ ಮುಂಬಯಿಯ ಕಸ್ಟಮ್ಸ್ ಅಧಿಕಾರಿಗಳು ಪ್ರತಿಗಳನ್ನು ತಡೆದಾಗ ವಿಷಯ ಪ್ರಧಾನಿ ನೆಹರೂ ಅವರ ತನಕ ಹೋಗಿ, ಕೊನೆಗೆ ಪುಸ್ತಕ ಒಳಗೆ ಬರಲು ಅನುಮತಿ ಸಿಕ್ಕಿತು. ಎಲ್ಲ ಕಡೆಯೂ ಜಗಳ ಒಂದೇ, ಅಶ್ಲೀಲವೋ ಅಲ್ಲವೋ. ಅಶ್ಲೀಲವಲ್ಲ ಎಂದು ವಾದಿಸಬೇಕಾಗಿದ್ದವರಿಗೆ ಪುಸ್ತಕಕ್ಕೊಂದು ಘನವಾದ ವಿಷಯ ಬೇಕಾಗಿತ್ತು. ಮುದಿ ಯುರೋಪು ಎಳೆಯ ಅಮೆರಿಕವನ್ನು ಕೆಡಿಸಿದ ಕತೆ ಇದು ಎಂದರು. ಅಲ್ಲ, ಎಳೆಯ ಅಮೆರಿಕವೇ ಮುದಿ ಯುರೋಪನ್ನು ಕೆಡಿಸಿತು ಎಂದರು. ಅಮೆರಿಕದ ಭೋಗ ಸಂಸ್ಕೃತಿಯ ವಿಡಂಬನೆ ಎಂದರು. ಪುಸ್ತಕ ಬಚಾವಾಯಿತು, ಹುಡುಗಿ ಮಾತ್ರ ಮತ್ತೆ ಕಾಣೆಯಾದಳು. ಒಂದು ಮಗುವನ್ನು ಒಂದು ದೇಶದ ಸಂಕೇತವಾಗಿ ಮಾಡಿದ ಮೇಲೆ ಅವಳ ನೋವನ್ನು ಕೇಳಬೇಕಾದ ಅಗತ್ಯ ಯಾರಿಗೂ ಉಳಿಯುವುದಿಲ್ಲ.

ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ಆ ಕಾಲದ ದೊಡ್ಡ ಲೇಖಕಿ ಡೊರತಿ ಪಾರ್ಕರ್ ಕಾದಂಬರಿಯನ್ನು ಹೊಗಳುವ ಭರದಲ್ಲಿ ಡಾಲಿಯನ್ನು ಸ್ವಾರ್ಥಿ, ಒರಟು, ಕೆಟ್ಟ ಹುಡುಗಿ ಎಂದು ಬಣ್ಣಿಸಿದರು. ಕೆನಡಾದ ರಾಬರ್ಟ್‌ಸನ್ ಡೇವೀಸ್, ಧೂರ್ತ ಮಗುವೊಂದು ದುರ್ಬಲ ಗಂಡಸನ್ನು ಬಳಸಿಕೊಂಡ ಕತೆ ಇದು ಎಂದರು. ಲಯನೆಲ್ ಟ್ರಿಲಿಂಗ್ ಅಂಥ ಗಂಭೀರ ವಿಮರ್ಶಕ ಇದನ್ನು ಪ್ರೇಮದ ಕಾದಂಬರಿಯಾಗಿ ಓದಿದರು. ಅಷ್ಟೂ ಸದ್ದಿನ ನಡುವೆ ಒಬ್ಬ ಹೆಂಗಸು ಮಾತ್ರ ತನ್ನ ದಿನಚರಿಯಲ್ಲಿ ಬೇರೆ ಮಾತು ಬರೆದುಕೊಂಡಳು. ಆ ಮಗುವಿನ ಅಸಹಾಯಕತೆಯನ್ನು, ಆ ಮನುಷ್ಯನ ಮೇಲೆ ಅವಳು ಅವಲಂಬಿಸಬೇಕಾದ ದೈನ್ಯವನ್ನು, ಅವಳು ಕೊನೆಯ ತನಕ ಉಳಿಸಿಕೊಂಡ ಧೈರ್ಯವನ್ನು ಯಾರಾದರೂ ಗಮನಿಸಬಾರದೇ ಎಂದು ಆಕೆಗೆ ಅನಿಸಿತ್ತು. ಆಕೆ ವೆರಾ ನಬಕೋವ್, ಕಾದಂಬರಿಕಾರನ ಹೆಂಡತಿ, ಈ ಪುಸ್ತಕಕ್ಕೆ ಬೇಕಾದ ಸಾವಿರಾರು ಮೈಲಿ ಕಾರು ಓಡಿಸಿದವಳು.

ಭಾವಚಿತ್ರವಾದಿಗಳು ಬಹಳ ಬಳಸುವ ಸಾಕ್ಷ್ಯ ಡಾಲಿಯ ಸಾಮಾನುಗಳು. ಕಾಮಿಕ್ಸ್, ಸಿನಿಮಾ ಪತ್ರಿಕೆ, ಜೂಕ್‌ಬಾಕ್ಸಿನ ಹಾಡು, ಐಸ್‌ಕ್ರೀಮ್. ಜಾಹೀರಾತುಗಳೆಲ್ಲ ಇವಳನ್ನೇ ಉದ್ದೇಶಿಸಿ ಬರೆದಂತಿವೆ ಎಂದು ಹಂಬರ್ಟ್ ಮೂದಲಿಸುತ್ತಾನೆ. ವಿಮರ್ಶಕರು ಆ ಮೂದಲಿಕೆಯನ್ನು ಹಾಗೆಯೇ ಎತ್ತಿಕೊಂಡು ಸಮಾಜಶಾಸ್ತ್ರ ಮಾಡಿದ್ದಾರೆ. ಅವರು ಉಲ್ಲೇಖಿಸುವ ಪ್ರಸಿದ್ಧ ಪಟ್ಟಿಯೊಂದಿದೆ. ಲೆಪಿಂಗ್‌ವಿಲ್ ಎಂಬ ಊರಿನಲ್ಲಿ ಹಂಬರ್ಟ್ ಅವಳಿಗೆ ಕಾಮಿಕ್ಸ್, ಮಿಠಾಯಿ, ಕೋಕ್, ಉಗುರು ಅಲಂಕಾರದ ಪೆಟ್ಟಿಗೆ, ಗಡಿಯಾರ, ಉಂಗುರ, ಟೆನಿಸ್ ರ‍್ಯಾಕೆಟ್, ಚಕ್ರದ ಬೂಟು, ರೇಡಿಯೋ, ರೇನ್‌ಕೋಟ್ ಎಲ್ಲ ಕೊಡಿಸುತ್ತಾನೆ. ಅಂಗಡಿಗಳ ಅಮೆರಿಕ ಪೂರ್ತಿ ಒಂದು ಪ್ಯಾರಾದಲ್ಲಿ ಬಂತು ಎಂದು ಬೆರಗಾಗುವವರು ಆ ಪಟ್ಟಿ ಎಲ್ಲಿ ನಿಂತಿದೆ ಎಂದು ನೋಡಬೇಕು. ಸ್ವಲ್ಪ ಹೊತ್ತಿನ ಹಿಂದೆ ಅವಳಿಗೆ ತಾಯಿ ಸತ್ತ ಸುದ್ದಿ ತಿಳಿದಿದೆ. ಆ ರಾತ್ರಿ ಅವರು ಬೇರೆಬೇರೆ ಕೋಣೆ ಹಿಡಿಯುತ್ತಾರೆ. ನಡುರಾತ್ರಿ ಅವಳು ಅಳುತ್ತಾ ಅವನ ಕೋಣೆಗೇ ಬರುತ್ತಾಳೆ, ಏಕೆಂದರೆ ಹೋಗಲು ಅವಳಿಗೆ ಲೋಕದಲ್ಲಿ ಇನ್ನೊಂದು ಜಾಗವೇ ಇರಲಿಲ್ಲ. ಅದನ್ನು ಹೇಳುವವನೂ ಹಂಬರ್ಟನೇ. ತಾಯಿಯನ್ನು ಕಳೆದುಕೊಂಡ ಮಗುವಿನ ಬಾಯಿ ಮುಚ್ಚಿಸಲು ಕೊಡಿಸಿದ ವಸ್ತುಗಳ ಪಟ್ಟಿಯನ್ನು ಭೋಗ ಸಂಸ್ಕೃತಿಯ ವಿಡಂಬನೆ ಎಂದು ಓದುವುದಕ್ಕೆ ಎಷ್ಟು ಗಟ್ಟಿ ಎದೆ ಬೇಕು!

ಹನ್ನೆರಡು ವರ್ಷದ ಹುಡುಗಿಗೆ ಕಾಮಿಕ್ಸ್ ಇಷ್ಟವಾಗುವುದು ಒಂದು ನಾಗರಿಕತೆಯ ಅಧಃಪತನವೇನೂ ಅಲ್ಲ. ಮಕ್ಕಳು ಎಲ್ಲ ದೇಶದಲ್ಲೂ ಚಿತ್ರಕತೆ ಓದುತ್ತಾರೆ, ಸಿಹಿ ಬೇಡುತ್ತಾರೆ, ಸಿನಿಮಾ ನಟರ ಚಿತ್ರ ಕತ್ತರಿಸಿ ಗೋಡೆಗೆ ಅಂಟಿಸುತ್ತಾರೆ. ಆ ಕಾರಿನಲ್ಲಿ ಡಾಲಿಗೆ ಉಳಿದಿದ್ದ ಬಾಲ್ಯವೆಂದರೆ ಆ ಕಾಮಿಕ್ಸೊಂದೇ. ಅಸಭ್ಯ ಅಭಿರುಚಿ ಅಮೆರಿಕದ ಸೊತ್ತು ಎಂಬ ವಾದವನ್ನು ನಬಕೋವ್ ಸ್ವತಃ ಒಪ್ಪಿರಲಿಲ್ಲ. 1956ರಲ್ಲಿ ಬರೆದ ಹಿನ್ನುಡಿಯಲ್ಲಿ, ಈ ವಿಷಯದಲ್ಲಿ ಹಳೆಯ ಲೋಕಕ್ಕೂ ಹೊಸ ಲೋಕಕ್ಕೂ ವ್ಯತ್ಯಾಸವಿಲ್ಲ ಎಂದಿದ್ದರು. ಪುಸ್ತಕ ಅನೈತಿಕ ಎಂದವರ ಮಾತಿಗಿಂತ ಅಮೆರಿಕ ವಿರೋಧಿ ಎಂದವರ ಮಾತು ತಮಗೆ ಹೆಚ್ಚು ನೋವು ತಂದಿದೆ ಎಂದೂ ಅಲ್ಲಿ ಹೇಳಿದ್ದಾರೆ.

ಪಟ್ಟಿ ಮಾಡುವವರು ಈ ಕಾದಂಬರಿಯನ್ನು ಜಾಕ್ ಕೆರುವಾಕ್‌ನ 'ಆನ್ ದ ರೋಡ್' ಪಕ್ಕದಲ್ಲಿ ಇಡುತ್ತಾರೆ. ಕೆರುವಾಕ್ ತನ್ನ ಮೊದಲ ದೀರ್ಘ ಪ್ರಯಾಣಕ್ಕೆ ಹೊರಟದ್ದು 1947ರ ಜುಲೈನಲ್ಲಿ, ಹಂಬರ್ಟ್ ಕಾರು ಹತ್ತುವುದಕ್ಕೆ ಒಂದು ತಿಂಗಳ ಹಿಂದೆ. ಕಾಲ ಒಂದೇ, ಹೆದ್ದಾರಿಗಳೂ ಒಂದೇ. ಸಾಮ್ಯ ಅಲ್ಲಿಗೆ ಮುಗಿಯಿತು. ಕೆರುವಾಕ್‌ನ ಯುವಕರು ಬೇಕೆಂದಾಗ ಕಾರು ಹತ್ತುತ್ತಾರೆ, ಬೇಡವೆಂದಾಗ ಇಳಿಯುತ್ತಾರೆ, ಚಿಕ್ಕಮ್ಮನ ಮನೆಗೆ ಮರಳುತ್ತಾರೆ. ರಸ್ತೆ ಕಾದಂಬರಿಗೆ ಇರಲೇಬೇಕಾದ ಗುಣ ಯಾವುದೆಂದು ಕೇಳಿದರೆ, ಇಳಿಯುವ ಸ್ವಾತಂತ್ರ್ಯ ಎನ್ನುತ್ತೇನೆ ನಾನು. ಡಾಲಿಗೆ ಇಳಿಯಲು ಬಿಡುವವರಿಲ್ಲ. ಕೈಯಲ್ಲಿ ದುಡ್ಡು ಉಳಿಯಲೂ ಬಿಡುವುದಿಲ್ಲ ಅವನು. ಅವಳು ಕೂಡಿಟ್ಟ ಚಿಲ್ಲರೆಯನ್ನು ಹುಡುಕಿ ಕಸಿದುಕೊಳ್ಳುತ್ತಾನೆ, ದುಡ್ಡಿದ್ದರೆ ಓಡಿಹೋಗಬಹುದೆಂಬ ಭಯದಿಂದ.

1949ರ ಎರಡನೆಯ ಪ್ರಯಾಣವನ್ನು ಮೊದಲನೆಯದರ ಜೊತೆ ಒಂದೇ ಉಸಿರಿನಲ್ಲಿ ಹೇಳುವ ಅಭ್ಯಾಸವೂ ತಪ್ಪು. ಆ ಸಲ ದಾರಿಯನ್ನು ಆರಿಸಿದವಳು ಡಾಲಿ. ಈ ಬಾರಿ ನಾನು ಹೇಳಿದಲ್ಲಿಗೆ ಹೋಗೋಣ ಎಂದು ಅವಳು ಕರಾರು ಹಾಕುತ್ತಾಳೆ. ಹಂಬರ್ಟ್ ಅದನ್ನು ಮಗುವಿನ ಹುಮ್ಮಸ್ಸೆಂದು ತಿಳಿಯುತ್ತಾನೆ. ನಿಜಕ್ಕೂ ಅದು ತಪ್ಪಿಸಿಕೊಳ್ಳುವ ಯೋಜನೆ. ಎಲ್ಫಿನ್‌ಸ್ಟೋನ್ ಊರಿನ ಆಸ್ಪತ್ರೆಯಿಂದ, ಅಮೆರಿಕದ ಸ್ವಾತಂತ್ರ್ಯ ದಿನವಾದ ಜುಲೈ 4ರಂದು, ಅವಳು ಹೊರಟುಹೋಗುತ್ತಾಳೆ. ಕರೆದುಕೊಂಡು ಹೋದ ಕ್ವಿಲ್ಟಿ ಎಂಬವನು ಇನ್ನೊಬ್ಬ ದುಷ್ಟ ಎಂಬುದು ಅವಳ ದುರದೃಷ್ಟ. ಹೆದ್ದಾರಿಯ ವರ್ಣನೆಯಲ್ಲಿ ಮುಳುಗಿದ ಓದುಗನಿಗೆ, ಹಂಬರ್ಟನಂತೆಯೇ, ಅವಳು ಒಳಗೊಳಗೇ ಏನು ಮಾಡುತ್ತಿದ್ದಳು ಎಂಬುದು ಕಾಣುವುದೇ ಇಲ್ಲ.

ಈಗ ಎದುರು ವಾದ. ನಬಕೋವ್ ಸ್ವತಃ ಆ ರಸ್ತೆಗಳಲ್ಲಿ ಸುತ್ತಲಿಲ್ಲವೇ, ಆ ಮೋಟೆಲ್‌ಗಳಲ್ಲಿ ತಂಗಲಿಲ್ಲವೇ, ಹಾಗಿದ್ದ ಮೇಲೆ ಇದು ಕಣ್ಣಾರೆ ಕಂಡ ಅಮೆರಿಕವಲ್ಲವೇ ಎಂದು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. 1940ರ ಮೇ ತಿಂಗಳಲ್ಲಿ ಹಡಗಿನಲ್ಲಿ ನ್ಯೂಯಾರ್ಕಿಗೆ ಬಂದಿಳಿದ ನಬಕೋವ್ ಮರುವರ್ಷವೇ ಪಶ್ಚಿಮಕ್ಕೆ ಹೊರಟರು. ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಹೊಸ ಚಿಟ್ಟೆಯೊಂದನ್ನು ಕಂಡು, ಕಾರು ಓಡಿಸಿ ಕರೆತಂದ ವಿದ್ಯಾರ್ಥಿನಿಯ ಹೆಸರನ್ನೇ ಅದಕ್ಕಿಟ್ಟರು. ಅವರು ಕಾರು ಓಡಿಸಲು ಕಲಿಯಲೇ ಇಲ್ಲ. ಬೇಸಿಗೆ ಬಂತೆಂದರೆ ವೆರಾ ಓಡಿಸುತ್ತಿದ್ದರು, ಇವರು ಚಿಟ್ಟೆ ಬಲೆ ಹಿಡಿದು ಬೆಟ್ಟ ಹತ್ತುತ್ತಿದ್ದರು, ನಿಂತ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಸಣ್ಣ ಕಾರ್ಡುಗಳ ಮೇಲೆ ಕಾದಂಬರಿ ಬರೆಯುತ್ತಿದ್ದರು. ಅವರ ಮಗ ಡ್ಮಿಟ್ರಿ ಹುಟ್ಟಿದ್ದು 1934ರ ಮೇ ತಿಂಗಳಲ್ಲಿ, ಕಾದಂಬರಿಯ ಡಾಲಿ 1935ರ ಜನವರಿ 1ರಂದು. ಹೆಚ್ಚೂಕಡಿಮೆ ಒಂದೇ ವಯಸ್ಸಿನ ಮಗು ಅಪ್ಪ ಅಮ್ಮನ ಜೊತೆ ಪ್ರಯಾಣ ಹೋದರೆ ಹೇಗಿರುತ್ತದೆ ಎಂಬುದು ಆ ತಂದೆಗೆ ತಿಳಿದಿತ್ತು. ಹುಡುಗಿಯರ ಮಾತು ಹೇಗಿರುತ್ತದೆ ಎಂದು ಗುರುತು ಹಾಕಿಕೊಳ್ಳಲು ಅವರು ಬಸ್ಸಿನಲ್ಲಿ ಕೂತು ಕಿವಿಗೊಟ್ಟು ಕೇಳುತ್ತಿದ್ದರು. ನಬಕೋವ್ ಕಂಡ ಅಮೆರಿಕ ಇದು. ಹಂಬರ್ಟನಿಗೆ ಕೊಟ್ಟದ್ದು ಇದಲ್ಲ. ನೋಡುವ ಕಣ್ಣಿದ್ದವನು ಕುರುಡನೊಬ್ಬನ ಬಾಯಲ್ಲಿ ಕತೆ ಹೇಳಿಸಿದರೆ, ಆ ಕುರುಡುತನವೇ ಕಾದಂಬರಿಯ ವಸ್ತು.

ಇನ್ನೊಂದು ಮಾತು. ರ‍್ಯಾಮ್ಸ್‌ಡೇಲ್, ಬಿಯರ್ಡ್‌ಸ್ಲಿ, ಕ್ಯಾಸ್ಬೀಮ್, ಎಲ್ಫಿನ್‌ಸ್ಟೋನ್, ಗ್ರೇ ಸ್ಟಾರ್. ಕತೆ ನಡೆಯುವ ಮುಖ್ಯ ಊರುಗಳೆಲ್ಲ ಕಲ್ಪಿತ. ಡಾಲಿಯ ಮನೆಯ ಸಂಖ್ಯೆ 342. ಅವಳು ಮೊದಲು ಬಲೆಗೆ ಬಿದ್ದ ಹೋಟೆಲ್ ಕೋಣೆಯೂ 342. ಅವಳು ಹೋದ ಮೇಲೆ ಅವಳನ್ನು ಹುಡುಕುತ್ತಾ ಹಂಬರ್ಟ್ ಹೆಸರು ಬರೆಸಿದ ವಸತಿಗಳ ಲೆಕ್ಕವೂ 342. ಜನಗಣತಿಯ ಅಮೆರಿಕದಲ್ಲಿ ಹೀಗಾಗುವುದಿಲ್ಲ. ಎಲ್ಲಿ ಹೋದರೂ ಅದೇ ಬಾಗಿಲು ಎದುರಾಗುವ ಲೋಕವನ್ನು ನಬಕೋವ್ ಬೇಕೆಂದೇ ಕಟ್ಟಿದ್ದಾರೆ. ಅಮೆರಿಕವನ್ನು ತಾವು ಹೊಸದಾಗಿ ಕಲ್ಪಿಸಿಕೊಳ್ಳಬೇಕಾಯಿತು ಎಂದು ಅವರೇ ಹಿನ್ನುಡಿಯಲ್ಲಿ ಹೇಳಿದ್ದಾರೆ. ಅದನ್ನು ದಾಖಲೆ ಎಂದು ಓದುವವರು ಆ ಕಸಬುದಾರಿಕೆಯನ್ನೂ ಕಳೆದುಕೊಳ್ಳುತ್ತಾರೆ.

ಹಾಗಾದರೆ ಈ ಪುಸ್ತಕದಲ್ಲಿ ಅಮೆರಿಕ ಇಲ್ಲವೇ ಇಲ್ಲವೇ? ಇದೆ. ಹಂಬರ್ಟ್ ಬೇರೆ ಕಡೆ ನೋಡುತ್ತಿರುವಾಗ ಅದು ಒಳಗೆ ಬರುತ್ತದೆ. ಕ್ಯಾಸ್ಬೀಮ್‌ನಲ್ಲಿ ಒಬ್ಬ ಮುದಿ ಕ್ಷೌರಿಕ ಅವನ ಕೂದಲು ಕತ್ತರಿಸುತ್ತಾ, ಬೇಸ್‌ಬಾಲ್ ಆಡುವ ತನ್ನ ಮಗನ ಬಗ್ಗೆ ವಟಗುಟ್ಟುತ್ತಾ ಹೋಗುತ್ತಾನೆ. ಹಂಬರ್ಟನಿಗೆ ಕಿರಿಕಿರಿ, ಗಮನವೇ ಇಲ್ಲ. ಎದುರಿಗಿದ್ದ ಫೋಟೋ ತೋರಿಸಿದಾಗ ಫಕ್ಕನೆ ಹೊಳೆಯುತ್ತದೆ, ಆ ಮಗ ಸತ್ತು ಮೂವತ್ತು ವರ್ಷವಾಗಿದೆ ಎಂದು. ಒಂದೇ ವಾಕ್ಯದ ಪ್ರಸಂಗ. ಅದಕ್ಕೆ ತಮಗೆ ಒಂದು ತಿಂಗಳು ಹಿಡಿಯಿತು ಎಂದು ನಬಕೋವ್ ಬರೆದಿದ್ದಾರೆ. ಮೂವತ್ತು ವರ್ಷ ಮಗನನ್ನು ಮಾತಿನಲ್ಲಿ ಬದುಕಿಸಿಟ್ಟುಕೊಂಡ ಆ ತಂದೆ ಅಮೆರಿಕದವನು. ಮೋಟೆಲ್‌ಗಳ ಹೆಸರುಗಳನ್ನು ಬಾಯಿಪಾಠ ಒಪ್ಪಿಸುವವರು ಇವನನ್ನು ನೆನೆಯುವುದು ಅಪರೂಪ.

ಅಮೆರಿಕ ಇನ್ನೊಂದು ಕಡೆಯೂ ಇದೆ, ಅದು ಅಷ್ಟು ಸುಂದರವಲ್ಲ. ಮೊದಲ ರಾತ್ರಿಯ ಹೋಟೆಲು ತನ್ನ ಕಾಗದದ ಮೇಲೆ 'ಚರ್ಚುಗಳಿಗೆ ಸಮೀಪ' ಎಂದು ಅಚ್ಚು ಹಾಕಿಸಿಕೊಂಡಿದೆ. ಯಹೂದಿಗಳಿಗೆ ಇಲ್ಲಿ ಜಾಗವಿಲ್ಲ ಎಂಬುದನ್ನು ಆ ಕಾಲದಲ್ಲಿ ಹಾಗೆ ಸೂಚಿಸುತ್ತಿದ್ದರು. ಮುಂದೆ ಹಂಬರ್ಟ್ ಅದೇ ಹೋಟೆಲಿಗೆ ಪತ್ರ ಬರೆದಾಗ ಅವರು ಅವನ ಹೆಸರನ್ನು ಯಹೂದಿ ಹೆಸರಿನಂತೆ ತಪ್ಪಾಗಿ ಓದಿ, ಕೋಣೆ ಖಾಲಿಯಿಲ್ಲ ಎಂದು ಉತ್ತರ ಕೊಡುತ್ತಾರೆ. ಅದೇ ವರ್ಷಗಳಲ್ಲಿ ಕಪ್ಪು ಜನರು ಕಾರಿನಲ್ಲಿ ಹೊರಟರೆ ಎಲ್ಲಿ ಮಲಗಬಹುದು ಎಂದು ತಿಳಿಯಲು ಹಾರ್ಲೆಮ್‌ನ ಅಂಚೆಯವ ವಿಕ್ಟರ್ ಹ್ಯೂಗೋ ಗ್ರೀನ್ 1936ರಿಂದ ಪ್ರಕಟಿಸುತ್ತಿದ್ದ 'ಗ್ರೀನ್ ಬುಕ್' ಎಂಬ ಕೈಪಿಡಿಯನ್ನು ನಂಬಬೇಕಿತ್ತು. ವಸತಿಗೃಹಗಳಲ್ಲಿ ಈ ತಾರತಮ್ಯವನ್ನು ಕಾನೂನು ತಡೆದದ್ದು 1964ರಲ್ಲಿ. ಯಾರು ಯಾರನ್ನೋ ಬಾಗಿಲಲ್ಲೇ ನಿಲ್ಲಿಸಿದ ಆ ದೇಶದ ಗುಮಾಸ್ತರು, ಅಳುಮುಖದ ಹುಡುಗಿಯೊಂದನ್ನು ಕರೆತಂದ ಬಿಳಿಯ ಗಂಡಸನ್ನು ಮಾತ್ರ ಒಂದು ಪ್ರಶ್ನೆಯನ್ನೂ ಕೇಳದೆ ಒಳಗೆ ಬಿಟ್ಟರು. ಭಾವಚಿತ್ರ ಬೇಕೆನ್ನುವವರಿಗೆ ಸಿಗುವ ನಿಜವಾದ ಚಿತ್ರ ಇದು. ಅವರ ಪ್ರಬಂಧಗಳಲ್ಲಿ ಜಾಹೀರಾತು ಫಲಕಗಳಿಗೆ ಇರುವಷ್ಟು ಜಾಗ ಇದಕ್ಕಿಲ್ಲ.

ಇದು ಬರೀ ಕಲ್ಪನೆ ಎನ್ನುವವರಿಗೆ ಸ್ಯಾಲಿ ಹಾರ್ನರ್‌ಳನ್ನು ನೆನಪಿಸುತ್ತೇನೆ. ನ್ಯೂಜೆರ್ಸಿಯ ಕ್ಯಾಮ್ಡೆನ್‌ನ ಈ ಹನ್ನೊಂದು ವರ್ಷದ ಹುಡುಗಿ 1948ರಲ್ಲಿ ಅಂಗಡಿಯೊಂದರಿಂದ ಒಂದು ನೋಟ್‌ಬುಕ್ ಕದ್ದಾಗ, ನಾನು ಎಫ್‌ಬಿಐನವನು ಎಂದು ಸುಳ್ಳು ಹೇಳಿದ ಫ್ರ್ಯಾಂಕ್ ಲಾ ಸಾಲ್ ಎಂಬವನು ಅವಳನ್ನು ಹೆದರಿಸಿ ಕರೆದೊಯ್ದ. ಬಾಲ್ಟಿಮೋರ್, ಡಲ್ಲಾಸ್, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಎಂದು 21 ತಿಂಗಳು ತನ್ನ ಮಗಳೆಂದು ಹೇಳಿಕೊಂಡು ಅಲೆಸಿದ. ಶಾಲೆಗೂ ಸೇರಿಸಿದ. ಯಾರಿಗೂ ಅನುಮಾನ ಬರಲಿಲ್ಲ. ಕೊನೆಗೆ ನೆರೆಯ ಹೆಂಗಸೊಬ್ಬಳು ವಿಚಾರಿಸಿದ ಮೇಲೆ ಹುಡುಗಿ ಬಾಯಿಬಿಟ್ಟು, ಮನೆಗೆ ಫೋನ್ ಮಾಡಿ, 1950ರ ಮಾರ್ಚಿನಲ್ಲಿ ಪಾರಾದಳು. 1952ರ ಆಗಸ್ಟಿನಲ್ಲಿ, ಹದಿನೈದು ವರ್ಷಕ್ಕೇ, ಕಾರು ಅಪಘಾತದಲ್ಲಿ ತೀರಿಕೊಂಡಳು. ನಬಕೋವ್ ಈ ಸುದ್ದಿಯನ್ನು ಕಾರ್ಡಿನ ಮೇಲೆ ಬರೆದಿಟ್ಟುಕೊಂಡಿದ್ದರು. ಕಾದಂಬರಿಯೊಳಗೆ ಅವಳ ಹೆಸರೂ ಬರುತ್ತದೆ, ಆವರಣದೊಳಗೆ, ಹಂಬರ್ಟನ ಬಾಯಿಂದಲೇ. ಅಮೆರಿಕವನ್ನು ಉದ್ದಗಲ ದಾಟಿದ ಅವಳ ಪ್ರಯಾಣವನ್ನು ಯಾರೂ ದೇಶದ ಭಾವಚಿತ್ರ ಎಂದು ಕರೆದಿಲ್ಲ. ಕರೆಯಲು ನಾಚಿಕೆಯಾಗುತ್ತದೆ. ಅದೇ ನಾಚಿಕೆ ಡಾಲಿಯ ವಿಷಯದಲ್ಲಿ ಏಕೆ ಬರಬಾರದು?

ಕೊಲರಾಡೋದ ಟೆಲ್ಯುರೈಡ್ ಎಂಬ ಗಣಿ ಊರಿನ ಮೇಲಿನ ಬೆಟ್ಟದಲ್ಲಿ 1951ರ ಬೇಸಿಗೆಯಲ್ಲಿ ನಬಕೋವ್ ತಾವು ಹುಡುಕುತ್ತಿದ್ದ ಅಪರೂಪದ ಚಿಟ್ಟೆಯೊಂದರ ಹೆಣ್ಣನ್ನು ಹಿಡಿದರು. ಕೆಳಗಿನ ಊರಿನ ಸದ್ದು ಅಲ್ಲಿಗೆ ತೇಲಿ ಬರುತ್ತಿತ್ತು. ಕಾದಂಬರಿಯ ಕೊನೆಯಲ್ಲಿ ಅದೇ ಸದ್ದನ್ನು ಹಂಬರ್ಟನಿಗೆ ಕೇಳಿಸಿದ್ದಾರೆ. ಕಣಿವೆಯಲ್ಲಿ ಮಕ್ಕಳು ಆಡುತ್ತಿದ್ದಾರೆ, ಆ ದನಿಗಳ ನಡುವೆ ಡಾಲಿಯ ದನಿ ಇಲ್ಲ, ಅದನ್ನು ಇಲ್ಲವಾಗಿಸಿದವನು ತಾನು ಎಂದು ಅವನಿಗೆ ತಿಳಿಯುತ್ತದೆ. ಅಷ್ಟು ಮೈಲಿ ಸುತ್ತಿದವನು ಮೊದಲ ಸಲ ಆ ದೇಶಕ್ಕೆ ಕಿವಿಗೊಟ್ಟದ್ದು, ಕಾರು ನಿಲ್ಲಿಸಿ ಕೆಳಗಿಳಿದ ಮೇಲೆ.

ಅಝರ್ ನಫೀಸಿ ಟೆಹರಾನಿನಲ್ಲಿ ತನ್ನ ವಿದ್ಯಾರ್ಥಿನಿಯರ ಜೊತೆ ಈ ಕಾದಂಬರಿ ಓದಿದ ಅನುಭವವನ್ನು 2003ರ ತನ್ನ ಪುಸ್ತಕದಲ್ಲಿ ಬರೆದಿದ್ದಾರೆ. ಅಮೆರಿಕದ ಹೆದ್ದಾರಿಯನ್ನೇ ಕಾಣದ ಆ ಹುಡುಗಿಯರಿಗೆ ಅಲ್ಲಿ ಕಂಡದ್ದು, ಒಬ್ಬರ ಬದುಕನ್ನು ಇನ್ನೊಬ್ಬರು ಕಿತ್ತುಕೊಳ್ಳುವ ಕ್ರೌರ್ಯ. ಅಮೆರಿಕದ ಪ್ರಾಧ್ಯಾಪಕರಿಗಿಂತ ಅವರು ಪುಸ್ತಕಕ್ಕೆ ಹತ್ತಿರವಿದ್ದರು.

ಇಂಗ್ಲಿಷ್ ಎಂ.ಎ. ತರಗತಿಗಳಲ್ಲಿ ಈ ಕಾದಂಬರಿಯನ್ನು ಪಾಠ ಮಾಡುವ ಕನ್ನಡದ ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ ಇದೆ. 'ಲೋಲಿಟಾದಲ್ಲಿ ಯುದ್ಧಾನಂತರದ ಅಮೆರಿಕದ ಚಿತ್ರಣ' ಎಂಬ ಪ್ರಶ್ನೆಯನ್ನು ದಯವಿಟ್ಟು ಕೈಬಿಡಿ. ಎರಡನೆಯ ಭಾಗದ ಮೊದಲ ಮೂರು ಅಧ್ಯಾಯಗಳನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟು, ಡಾಲಿ ಎಲ್ಲೆಲ್ಲಿ ಹೋಗಬೇಕೆಂದು ಕೇಳಿದಳು, ಎಲ್ಲೆಲ್ಲಿ ಅವಳನ್ನು ಕರೆದೊಯ್ಯಲಿಲ್ಲ, ಯಾರು ಅವಳನ್ನು ನೋಡಿಯೂ ಸುಮ್ಮನಿದ್ದರು ಎಂದು ಬರೆಯಲು ಹೇಳಿ.